ಶೋಲಾವರದ ದಾರಿ: ಓಟ ನೋಡಲು ಹೋದವರ ಚರಿತ್ರೆ

ಮೋಟಾರು ಓಟದ ಚರಿತ್ರೆ ಬರೆದವರೆಲ್ಲ ಓಡಿಸಿದವರ ಬಗ್ಗೆ ಬರೆದಿದ್ದಾರೆ. ಯಾರು ಗೆದ್ದರು, ಯಾವ ಕಾರು, ಎಷ್ಟು ವೇಗ ಎಂಬುದಕ್ಕೆಲ್ಲ ದಾಖಲೆಗಳಿವೆ. ಬಿಸಿಲಲ್ಲಿ ನಿಂತು ನೋಡಿದವರಿಗೆ ದಾಖಲೆಯಿಲ್ಲ. ಬೆಂಗಳೂರು ದಂಡುಪ್ರದೇಶದ ಮಟ್ಟಿಗಂತೂ ಇದು ಪೂರ್ತಿ ನಿಜ. ಶಿವಾಜಿನಗರದ ಗ್ಯಾರೇಜುಗಳಲ್ಲಿ, ಹಲಸೂರಿನ ಚಹಾದಂಗಡಿಗಳಲ್ಲಿ ಹಳಬರನ್ನು ಮಾತಿಗೆಳೆದರೆ 'ಶೋಲಾವರಂ' ಎಂಬ ಹೆಸರು ಇಂದಿಗೂ ಕೇಳಿಬರುತ್ತದೆ. ಅದು ನಮ್ಮ ರಾಜ್ಯದ ಊರಲ್ಲ. ಮದ್ರಾಸಿನ ಉತ್ತರಕ್ಕೆ, ಕಲ್ಕತ್ತಾ ಹೆದ್ದಾರಿಯ ಮಗ್ಗುಲಲ್ಲಿರುವ ಒಂದು ಹಳ್ಳಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಹಾಕಿದ್ದ ವಿಮಾನಪಟ್ಟಿಯ ಮೇಲೆ, 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಎಂಬತ್ತರ ದಶಕದ ಕೊನೆಯವರೆಗೂ ಕಾರು ಮತ್ತು ಮೋಟಾರು ಸೈಕಲ್ಲುಗಳ ಓಟ ನಡೆಸಿತು. ದಕ್ಷಿಣ ಭಾರತದಲ್ಲಿ ಮೋಟಾರು ಓಟ ಎಂದರೆ ಬಹುಕಾಲ ಅದೇ ಆಗಿತ್ತು. ಬೆಂಗಳೂರಿಗೆ ಕಾಯಂ ಆದ ದೊಡ್ಡ ಓಟದ ಅಂಗಣ ಎಂದೂ ದಕ್ಕಲಿಲ್ಲ. ನೋಡಬೇಕೆಂದವರು ಅಲ್ಲಿಗೇ ಹೋಗಬೇಕಿತ್ತು.

ಹೋಗುವ ದಾರಿಯೋ ನಮ್ಮ ಮನೆಬಾಗಿಲಿನಿಂದಲೇ ಹೊರಡುತ್ತದೆ. ಟ್ರಿನಿಟಿ ವೃತ್ತ ದಾಟಿ ಹಲಸೂರಿನ ನಡುವೆ ಹಾದು, ಇಂದಿರಾನಗರದ ಅಂಚು ಸವರಿಕೊಂಡು, ಬೈಯಪ್ಪನಹಳ್ಳಿ, ಕೃಷ್ಣರಾಜಪುರ, ಹೊಸಕೋಟೆ, ಕೋಲಾರ, ಮುಳಬಾಗಿಲು, ಚಿತ್ತೂರು ಎಂದು ಮುಂದುವರಿಯುವ ಹಳೇ ಮದ್ರಾಸು ರಸ್ತೆ. ಮೂರೂವರೆ ನೂರು ಕಿಲೋಮೀಟರು ಎಂದಿಟ್ಟುಕೊಳ್ಳಿ. ಇಂದು ಕೆ.ಆರ್. ಪುರದ ತೂಗುಸೇತುವೆ ದಾಟುವುದೇ ಒಂದು ಪ್ರಯಾಣ. 2003ಕ್ಕೆ ಮುಂಚೆ ಆ ಸೇತುವೆಯೂ ಇರಲಿಲ್ಲ, ರೈಲ್ವೆ ಹಳಿಯ ಬಳಿ ಕಾಯಬೇಕಿತ್ತು. ಜಾವಾ, ಯೆಜ್ಡಿ, ಬುಲೆಟ್ಟುಗಳ ಮೇಲೆ ಇಬ್ಬಿಬ್ಬರು ಕುಳಿತು ರಾತ್ರಿಯೇ ಹೊರಟವರಿದ್ದರು. ಅಷ್ಟು ಧೈರ್ಯವಿಲ್ಲದವರಿಗೆ ರೈಲಿತ್ತು. ದಂಡಿನ ರೈಲು ನಿಲ್ದಾಣಕ್ಕೂ ಮದ್ರಾಸಿಗೂ 1864ರಿಂದಲೇ ನಂಟು. 1964ರಲ್ಲಿ ಬೃಂದಾವನ್ ಎಕ್ಸ್‌ಪ್ರೆಸ್ ಬಂದ ಮೇಲೆ ಹಗಲಿನಲ್ಲೇ ಹೋಗಿ ತಲುಪುವುದೂ ಸುಲಭವಾಯಿತು.

ಈ ನಂಟನ್ನು ಅರ್ಥ ಮಾಡಿಕೊಳ್ಳದೆ ದಂಡಿನ ಜನ ಓಟ ನೋಡಲು ಮದ್ರಾಸಿಗೇಕೆ ಹೋದರು ಎಂಬುದು ತಿಳಿಯುವುದಿಲ್ಲ. 1809ರಲ್ಲಿ ನೆಲೆಗೊಂಡ ದಂಡುಪ್ರದೇಶ 1947ರವರೆಗೂ ಮೈಸೂರು ಸರಕಾರದ ಕೈಯಲ್ಲಿರಲಿಲ್ಲ. ಇಲ್ಲಿನ ಸಿಪಾಯಿ, ಬಟ್ಲರು, ಗುತ್ತಿಗೆದಾರ, ದರ್ಜಿ, ಕುದುರೆ ಲಾಯದ ಆಳು ಹೆಚ್ಚಿನಂಶ ಮದ್ರಾಸು ಪ್ರಾಂತದ ಸೈನ್ಯದ ಬೆನ್ನುಹತ್ತಿ ಬಂದವರು. ಮನೆಯಲ್ಲಿ ದಖನಿ ಉರ್ದು ಅಥವಾ ತಮಿಳು, ಬೀದಿಯಲ್ಲಿ ಎರಡೂ, ಕಚೇರಿಯಲ್ಲಿ ಇಂಗ್ಲಿಷು. ಕನ್ನಡ ತಡವಾಗಿ ಬಂದು ಈಗ ನಮ್ಮದಾಗಿದೆ. ಅಂಥವರಿಗೆ ಮೈಸೂರಿಗಿಂತ ಮದ್ರಾಸು ಹತ್ತಿರ.

ವಿಮಾನಪಟ್ಟಿಯ ಮೇಲೆ ಕಾರು ಓಡಿಸುವ ಉಪಾಯ ಮದ್ರಾಸಿನವರದ್ದು ಮಾತ್ರವಲ್ಲ. ಯುದ್ಧ ಮುಗಿದಾಗ ಲೋಕದ ಹಲವು ಕಡೆ ಇಂಥ ಪಟ್ಟಿಗಳು ಕೆಲಸವಿಲ್ಲದೆ ಬಿದ್ದಿದ್ದವು. ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಕೂಡ 1943ರ ಒಂದು ವಿಮಾನ ನಿಲ್ದಾಣವೇ. 1948ರಲ್ಲಿ ಅಲ್ಲಿ ಓಟ ಆರಂಭವಾಯಿತು, 1950ರ ಮೇ 13ರಂದು ವಿಶ್ವ ಚಾಂಪಿಯನ್‌ಷಿಪ್ಪಿನ ಮೊಟ್ಟಮೊದಲ ಓಟವೂ ಅಲ್ಲೇ ನಡೆಯಿತು. ಅಗಲವಾದ, ಸಪಾಟಾದ, ಜನವಸತಿಯಿಲ್ಲದ ಡಾಂಬರು ಅಥವಾ ಕಾಂಕ್ರೀಟು ನೆಲ ಪುಕ್ಕಟೆಗೆ ಸಿಕ್ಕರೆ ಬೇರೇನು ಬೇಕು? ಹಾಗೆ ನೋಡಿದರೆ ಬೆಂಗಳೂರಿನ ಪೂರ್ವಕ್ಕೂ ಯುದ್ಧ ತನ್ನ ಗುರುತು ಬಿಟ್ಟುಹೋಗಿತ್ತು. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಆರಂಭಿಸಿದ ವಿಮಾನ ಕಾರ್ಖಾನೆ, ಯುದ್ಧದ ನಡುವೆ ಅಮೆರಿಕದ ವಾಯುಪಡೆಯ ದುರಸ್ತಿ ಕೇಂದ್ರವಾಯಿತು. ಆದರೆ ಇಲ್ಲಿನ ಪಟ್ಟಿ ಖಾಲಿ ಬೀಳಲಿಲ್ಲ, ವಿಮಾನಗಳೇ ಅದನ್ನು ಇಟ್ಟುಕೊಂಡವು. ಯುದ್ಧ ನಮಗೆ ಓಟದ ಅಂಗಣ ಕೊಡಲಿಲ್ಲ, ಮೆಕ್ಯಾನಿಕ್ಕುಗಳನ್ನು ಕೊಟ್ಟಿತು. ಹರಾಜಾದ ಸೈನ್ಯದ ಜೀಪು, ಲಾರಿಗಳನ್ನು ಬಿಚ್ಚಿ ಜೋಡಿಸಿಯೇ ಕೆಲಸ ಕಲಿತ ಒಂದು ತಲೆಮಾರು ದೇಶದ ಎಲ್ಲ ದಂಡುಪ್ರದೇಶಗಳಲ್ಲೂ ಬೆಳೆಯಿತು.

ಶಿವಾಜಿನಗರದ ಗುಜರಿಯನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. ಒಂದು ಕಾರನ್ನು ಬೆಳಗ್ಗೆ ತಂದು ನಿಲ್ಲಿಸಿದರೆ ಸಂಜೆಯೊಳಗೆ ಬಾಗಿಲು ಒಂದು ಅಂಗಡಿಯಲ್ಲಿ, ಗೇರ್‌ಬಾಕ್ಸ್ ಇನ್ನೊಂದರಲ್ಲಿ, ರೇಡಿಯೇಟರ್ ಮತ್ತೊಂದರಲ್ಲಿ ತೂಗಾಡುತ್ತದೆ. ಇಲ್ಲಿ ಪಾಠಶಾಲೆಯೆಂದರೆ ಉಸ್ತಾದರ ಪಕ್ಕದಲ್ಲಿ ಪಾನಾ ಹಿಡಿದು ಕೂರುವುದು. ಹತ್ತು ಹನ್ನೆರಡು ವಯಸ್ಸಿಗೆ ಬಂದ ಹುಡುಗ ಮೊದಲ ವರ್ಷ ಸೀಮೆಎಣ್ಣೆಯಲ್ಲಿ ಭಾಗಗಳನ್ನು ತೊಳೆಯುತ್ತಾನೆ, ಚಹಾ ತರುತ್ತಾನೆ, ಬೈಗುಳ ತಿನ್ನುತ್ತಾನೆ. ಐದಾರು ವರ್ಷಗಳಲ್ಲಿ ಎಂಜಿನ್ನಿನ ಸದ್ದು ಕೇಳಿಯೇ ಯಾವ ವಾಲ್ವು ಸಡಿಲವಾಗಿದೆಯೆಂದು ಹೇಳಬಲ್ಲವನಾಗುತ್ತಾನೆ. (ಶಾಲೆ ಬಿಡಿಸಿ ಗ್ಯಾರೇಜಿಗೆ ಹಾಕುವ ಈ ಪದ್ಧತಿಯನ್ನು ನಾವು ಹೊಗಳುತ್ತಿಲ್ಲ. ಅದರಿಂದ ಸಮುದಾಯ ತೆತ್ತ ಬೆಲೆ ಬೇರೆಯೇ ಇದೆ.)

ಇದು ಓಟಕ್ಕೆ ಹೇಗೆ ಸಂಬಂಧ? ಅಂದಿನ ಆಮದು ನೀತಿಯಲ್ಲಿ ವಿದೇಶಿ ಓಟದ ಕಾರು ತರಿಸುವುದು ಮಹಾರಾಜರಿಗೂ ದೊಡ್ಡ ಉದ್ಯಮಿಗಳಿಗೂ ಮಾತ್ರ ಸಾಧ್ಯವಿತ್ತು. ಗೊಂಡಲ್ ರಾಜಮನೆತನದವರು ತಂದ ಕಾರುಗಳು ಶೋಲಾವರದಲ್ಲಿ ಓಡಿದ್ದುಂಟು. ಎಂಬತ್ತರ ದಶಕದ ಮೊದಲಲ್ಲಿ ಬೆಂಗಳೂರಿನ ವಿಜಯ್ ಮಲ್ಯ, ಯುರೋಪಿನಲ್ಲಿ ಓಡಿ ಹಳತಾದ ಎನ್‌ಸೈನ್ ಎಂಬ ಫಾರ್ಮುಲಾ ಒನ್ ಕಾರನ್ನೇ ತಂದು ಓಡಿಸಿದರು. ಉಳಿದವರ ಪಾಲಿಗೆ ಇದ್ದದ್ದು ಫಿಯೆಟ್, ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್. ಮನೆಮಂದಿಯನ್ನು ಮದುವೆಗೆ ಕರೆದೊಯ್ಯುವ ಕಾರಿನಿಂದಲೇ ಓಟದ ಕಾರನ್ನು ತೆಗೆಯಬೇಕಿತ್ತು. ಸಿಲಿಂಡರ್ ಹೆಡ್ಡನ್ನು ಲೇತಿನವರ ಬಳಿ ಒಯ್ದು ಕೂದಲೆಳೆಯಷ್ಟು ತೆಳ್ಳಗೆ ಮಾಡಿಸಿದರೆ ಒಳಗಿನ ಒತ್ತಡ ಹೆಚ್ಚುತ್ತದೆ, ಅದೇ ಪೆಟ್ರೋಲಿನಿಂದ ಹೆಚ್ಚು ಶಕ್ತಿ ಬರುತ್ತದೆ. ಗಾಳಿ ಹೋಗುವ ದಾರಿಯನ್ನು ಉಜ್ಜಿ ನುಣುಪು ಮಾಡಿದರೆ ಉಸಿರಾಟ ಸರಾಗ. ಒಂದರ ಬದಲು ಎರಡು ಕಾರ್ಬುರೇಟರ್. ಹಿಂದಿನ ಸೀಟು, ಬಾಗಿಲಿನ ಒಳಪದರು, ಹೊದಿಕೆ ಎಲ್ಲ ಕಿತ್ತುಹಾಕಿ ತೂಕ ಇಳಿಸುವುದು. ಇದಕ್ಕೆಲ್ಲ ಎಂಜಿನಿಯರಿಂಗ್ ಪದವಿಗಿಂತ ಉಸ್ತಾದರ ಬೆರಳು ಬೇಕಿತ್ತು. ಹಾಗಾಗಿ ಶೋಲಾವರಕ್ಕೆ ಹೋದ ಎಷ್ಟೋ ಪ್ರೇಕ್ಷಕರು ಬರೀ ಪ್ರೇಕ್ಷಕರಾಗಿರಲಿಲ್ಲ. ತಮ್ಮ ಕೈಯ ಕೆಲಸ ಎಷ್ಟು ಸುತ್ತು ಬಾಳುತ್ತದೆಂದು ನೋಡಲು ಹೋದವರು. ಕಾರಿನ ಮೇಲೆ ಹೆಸರು ಚಾಲಕನದು, ಟ್ರೋಫಿಯೂ ಅವನದೇ. ಎಂಜಿನ್ ಒಡೆದರೆ ಮಾತ್ರ ಬೈಗುಳ ಮೆಕ್ಯಾನಿಕ್ಕಿಗೆ.

ನೋಡುವುದು ಅಂದರೆ ಏನು ನೋಡುವುದು ಎಂಬ ಪ್ರಶ್ನೆಯೂ ಇದೆ. ಕ್ರಿಕೆಟ್ಟಿನಲ್ಲಿ ಇಡೀ ಮೈದಾನ ಕಣ್ಣೆದುರು. ಮೋಟಾರು ಓಟದಲ್ಲಿ ಒಂದು ತುಂಡು ಮಾತ್ರ. ಸಪಾಟಾದ ವಿಮಾನಪಟ್ಟಿಯಲ್ಲಿ ಎತ್ತರದ ಗ್ಯಾಲರಿಯಿಲ್ಲದಿದ್ದರೆ ಅದೂ ಇಲ್ಲ. ಮೊದಲು ಸದ್ದು, ಆಮೇಲೆ ಬಿಸಿಲ ಝಳದಲ್ಲಿ ನಡುಗುವ ಒಂದು ಚುಕ್ಕೆ, ಕಣ್ಣು ಮಿಟುಕಿಸುವಷ್ಟರಲ್ಲಿ ಬಣ್ಣ, ಸುಟ್ಟ ರಬ್ಬರಿನ ವಾಸನೆ. ಮತ್ತೆ ಕಾಯುವುದು. ಅನುಭವಸ್ಥರು ನೇರ ದಾರಿಯ ಬಳಿ ನಿಲ್ಲುವುದಿಲ್ಲ, ತಿರುವಿನ ಬಳಿ ನಿಲ್ಲುತ್ತಾರೆ. ಯಾರು ತಡವಾಗಿ ಬ್ರೇಕು ಹಿಡಿಯುತ್ತಾರೆ, ಯಾರ ಗೇರು ತಡವರಿಸುತ್ತದೆ ಎಂಬುದು ಕಾಣುವುದು ಅಲ್ಲೇ. ಆದರೆ ಕಾರು ಜಾರುವುದೂ ಅಲ್ಲೇ. ಚೆನ್ನಾಗಿ ಕಾಣುವ ಜಾಗ ಮತ್ತು ಸಾಯುವ ಜಾಗ ಒಂದೇ ಆಗಿರುವ ಆಟ ಇದು.

ಚರಿತ್ರೆ ಇದನ್ನು ರಕ್ತದಲ್ಲಿ ಬರೆದಿದೆ. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 1909ರ ಆಗಸ್ಟ್‌ನಲ್ಲಿ ನಡೆದ ಮೊದಲ ಕಾರು ಓಟಗಳಲ್ಲೇ ಪ್ರೇಕ್ಷಕರೂ ಸೇರಿ ಹಲವರು ಸತ್ತರು. ಆಮೇಲೆಯೇ ಆ ಅಂಗಣಕ್ಕೆ 32 ಲಕ್ಷ ಇಟ್ಟಿಗೆಗಳನ್ನು ಹಾಸಿದ್ದು. 1955ರ ಜೂನ್ 11ರಂದು ಫ್ರಾನ್ಸಿನ ಲ ಮಾನ್ಸ್‌ನಲ್ಲಿ ಒಂದು ಕಾರು ಮುಂದಿನ ಕಾರಿಗೆ ತಗುಲಿ ಜನರ ಮೇಲೆ ಹಾರಿ ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರನ್ನು ಕೊಂದಿತು. ಓಟ ನಿಲ್ಲಲಿಲ್ಲ. ನಿಲ್ಲಿಸಿದರೆ ಹೊರಡುವ ಜನ ರಸ್ತೆ ತುಂಬಿ ಆಂಬುಲೆನ್ಸಿಗೆ ಅಡ್ಡಿಯಾಗುತ್ತದೆ ಎಂದು ಸಂಘಟಕರು ಕಾರಣ ಕೊಟ್ಟರು. ಸ್ವಿಟ್ಜರ್‌ಲೆಂಡ್ ಆ ನಂತರ ಇಂಥ ಓಟಗಳನ್ನೇ ನಿಷೇಧಿಸಿ ದಶಕಗಳ ಕಾಲ ಹಾಗೆಯೇ ಉಳಿಸಿಕೊಂಡಿತು. 1957ರಲ್ಲಿ ಇಟಲಿಯ ಮಿಲ್ಲೆ ಮಿಲ್ಯಾ ಎಂಬ ರಸ್ತೆ ಓಟದಲ್ಲಿ ಒಂಬತ್ತು ಪ್ರೇಕ್ಷಕರು ಸತ್ತರು, ಅವರಲ್ಲಿ ಐವರು ಮಕ್ಕಳು. ಆ ಓಟ ಅಂದಿಗೇ ಮುಗಿಯಿತು. ತಡೆಗೋಡೆ, ಜಲ್ಲಿಯ ಹೊಂಡ, ಬೇಲಿ, ದೂರದ ಗ್ಯಾಲರಿ ಇವೆಲ್ಲ ಇಂಥ ಸಾವುಗಳ ನಂತರ ಬಂದ ಏರ್ಪಾಡುಗಳು. ವಿಮಾನಪಟ್ಟಿಯ ಓಟಗಳಿಗೆ ಕಾಲ ಮುಗಿದದ್ದೂ ಬಹುಮಟ್ಟಿಗೆ ಇದರಿಂದಲೇ. 1990ರಲ್ಲಿ ಮದ್ರಾಸಿನ ಕ್ಲಬ್ಬು ಶ್ರೀಪೆರಂಬುದೂರಿನ ಬಳಿ ಇರುಂಗಾಟ್ಟುಕೋಟೈಯಲ್ಲಿ 3.7 ಕಿಲೋಮೀಟರಿನ ಸ್ವಂತ ಅಂಗಣ ಕಟ್ಟಿಕೊಂಡಿತು. ಬೆಂಗಳೂರಿನವರಿಗೆ ದಾರಿ ಸ್ವಲ್ಪ ಹತ್ತಿರವಾಯಿತು, ಅಷ್ಟೆ. 2003ರಲ್ಲಿ ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಆರಂಭವಾಯಿತು. ಅಗ್ಗದ ಮಾರುತಿ ಎಂಜಿನ್ನಿಟ್ಟು ದೇಶೀ ಫಾರ್ಮುಲಾ ಕಾರು ಕಟ್ಟಿದ ಕರಿವರ್ಧನ್ ಅವರ ನೆನಪಿನದು ಅದು.

ನಮ್ಮ ಓದುಗರಲ್ಲಿ ಕೆಲವರು ಇದೆಲ್ಲ ವ್ಯರ್ಥ ಕಾಲಹರಣ, ಇಸ್ಲಾಮಿಗೆ ಇದರ ಗೊಡವೆಯೇನು ಎಂದು ಕೇಳಬಹುದು. ಕೇಳುವುದು ಸರಿಯೇ. ಆದರೆ ಓಟದ ಸ್ಪರ್ಧೆಯನ್ನು ಪ್ರವಾದಿ ಮುಹಮ್ಮದ್(ಸ)ರು ತಾವೇ ಏರ್ಪಡಿಸಿದ್ದರೆಂಬುದು ಇಬ್ನ್ ಉಮರ್(ರ)ರಿಂದ ವರದಿಯಾದ ಪ್ರಸಿದ್ಧ ಹದೀಸಿನಲ್ಲಿದೆ. ತಾಲೀಮು ಮಾಡಿಸಿದ ಕುದುರೆಗಳಿಗೆ ಹಫ್ಯಾದಿಂದ ಸನಿಯ್ಯತುಲ್ ವದಾವರೆಗೆ ಹಲವು ಮೈಲಿಗಳ ಓಟ. ತಾಲೀಮಿಲ್ಲದ ಕುದುರೆಗಳಿಗೆ ಅಲ್ಲಿಂದ ಬನೂ ಝುರೈಕ್ ಮಸೀದಿಯವರೆಗೆ ಒಂದು ಮೈಲಿಯಷ್ಟೇ. ಸಮಬಲರನ್ನು ಸಮಬಲರೊಂದಿಗೆ ಮಾತ್ರ ಓಡಿಸುವ ಈ ವಿವೇಕವನ್ನೇ ಇಂದಿನ ಮೋಟಾರು ಓಟ 'ಕ್ಲಾಸ್' ಎಂದು ಕರೆಯುತ್ತದೆ. ಫುಕಹಾಗಳು ಗೆರೆ ಎಳೆದದ್ದು ಪಣದ ಬಳಿ. ಸೋತವನ ಹಣ ಗೆದ್ದವನಿಗೆ ಹೋದರೆ ಅದು ಜೂಜು. ಮೂರನೆಯವರು ಕೊಡುವ ಬಹುಮಾನದ ಮಾತು ಬೇರೆ. ಹೈಗ್ರೌಂಡ್ಸಿನ ಕುದುರೆ ಪಂದ್ಯದ ಟಿಕೆಟು ಕಿಟಕಿಯ ಮುಂದೆ ಸಂಬಳದ ದಿನ ಮನೆ ಕಳೆದುಕೊಂಡ ದಂಡಿನ ಕುಟುಂಬಗಳನ್ನು ಬಲ್ಲವರಿಗೆ ಈ ಗೆರೆಯ ಬೆಲೆ ಗೊತ್ತು. 1996ರಲ್ಲಿ ಸುಪ್ರೀಮ್ ಕೋರ್ಟು ಕುದುರೆ ಪಂದ್ಯ ಕೌಶಲದ ಆಟವೆಂದು ಹೇಳಿದರೂ ಆ ಮನೆಗಳ ಲೆಕ್ಕ ಬದಲಾಗಿಲ್ಲ. ಶೋಲಾವರದ ಓಟಕ್ಕೆ ಅಂಥ ಬೆಟ್ಟಿಂಗ್ ಕಿಟಕಿ ಇರಲಿಲ್ಲ. ನೋಡುವವನು ಕಳೆದುಕೊಳ್ಳುತ್ತಿದ್ದದ್ದು ಬಸ್ಸಿನ ಚಾರ್ಜು ಮತ್ತು ಟಿಕೆಟ್ಟಿನ ಹಣ.

ನಮಗೆ ಹೆಚ್ಚು ಅನುಮಾನ ಇರುವುದು ಇನ್ನೊಂದರ ಬಗ್ಗೆ. ಮೋಟಾರು ಓಟ ಬಹುಕಾಲ ಬದುಕಿದ್ದು ಸಿಗರೇಟು ಮತ್ತು ಮದ್ಯದ ಹಣದಲ್ಲಿ. ನಮ್ಮಲ್ಲಿ 2003ರ ಕಾನೂನು ತಂಬಾಕು ಕಂಪೆನಿಗಳ ಕ್ರೀಡಾ ಪ್ರಾಯೋಜಕತ್ವವನ್ನು ತಡೆಯಿತು. ಮದ್ಯವೋ ಸೋಡಾ, ನೀರಿನ ಹೆಸರಿನಲ್ಲಿ ಒಳಗೆ ಬಂದಿತು. 2008ರಲ್ಲಿ ಮಲ್ಯರ ಫೋರ್ಸ್ ಇಂಡಿಯಾ ತಂಡ ಫಾರ್ಮುಲಾ ಒನ್‌ಗೆ ಇಳಿದಾಗ ಹಲಸೂರಿನ ಹುಡುಗರು ಬೆಂಗಳೂರಿನ ತಂಡವೆಂದೇ ಬೀಗಿದರು. 2009ರಲ್ಲಿ ಬೆಲ್ಜಿಯಮ್ಮಿನ ಓಟದಲ್ಲಿ ಅದು ಎರಡನೇ ಸ್ಥಾನ ಪಡೆದಾಗ ಸಂಭ್ರಮಿಸಿದವರಲ್ಲಿ ಜೀವಮಾನದಲ್ಲಿ ಮದ್ಯ ಮುಟ್ಟದವರೂ ಇದ್ದರು. 2016ರಲ್ಲಿ ಮಲ್ಯ ದೇಶ ಬಿಟ್ಟರು, 2018ರಲ್ಲಿ ತಂಡ ದಿವಾಳಿಯಾಗಿ ಕೈಬದಲಾಯಿತು.

2011ರ ಅಕ್ಟೋಬರ್ ತಿಂಗಳು ಒಂದು ತಮಾಷೆಯ ಕಾಕತಾಳೀಯ. ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೆಟ್ರೋ ಓಡಿತು, ಹಲಸೂರು ಇಂದಿರಾನಗರದ ಜನ ಅದನ್ನು ನೋಡಲು ಸಾಲುಗಟ್ಟಿದರು. ಅದೇ ತಿಂಗಳ 30ರಂದು ದಿಲ್ಲಿಯ ಬಳಿ ಗ್ರೇಟರ್ ನೋಯ್ಡಾದ ಬುದ್ಧ ಅಂತರರಾಷ್ಟ್ರೀಯ ಅಂಗಣದಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಓಟ ನಡೆಯಿತು. 5.125 ಕಿಲೋಮೀಟರಿನ ಅಂಗಣ, ಸುಮಾರು 95 ಸಾವಿರ ಪ್ರೇಕ್ಷಕರು, ಗೆದ್ದವರು ಜರ್ಮನಿಯ ಸೆಬಾಸ್ಟಿಯನ್ ವೆಟಲ್. ಬೆಂಗಳೂರಿನಿಂದಲೂ ಜನ ವಿಮಾನ ಹತ್ತಿ ಹೋದರು, ಆದರೆ ಇವರು ಬೇರೆ ಜನ. ಸಾಫ್ಟ್‌ವೇರ್ ಸಂಬಳದವರು, ಕೊರಳಿಗೆ ಪಾಸು ಹಾಕಿಕೊಂಡವರು. ಗುಜರಿಯ ಉಸ್ತಾದರು ಟಿ.ವಿ.ಯಲ್ಲಿ ನೋಡಿದರು. ಭೂಮಿ ಬಿಟ್ಟುಕೊಟ್ಟ ರೈತರು ಪರಿಹಾರಕ್ಕಾಗಿ ಪ್ರತಿಭಟಿಸುತ್ತಿದ್ದರು, ಸರಕಾರ ಮತ್ತು ಸಂಘಟಕರ ನಡುವೆ ತೆರಿಗೆಯ ಜಗಳವಿತ್ತು. 2013ರ ಮೂರನೇ ಓಟದೊಂದಿಗೆ ಅದು ನಿಂತಿತು.

ಈಗ ನಮ್ಮ ಮುಹಲ್ಲಾಗಳ ಮಾತು. ಯಮಹಾ ಆರ್‌ಎಕ್ಸ್ 100 ಬಂದದ್ದು 1985ರಲ್ಲಿ, ತಯಾರಿಕೆ ನಿಂತದ್ದು 1996ರಲ್ಲಿ. ಆ ಗಾಡಿ ಇಂದಿಗೂ ಶಿವಾಜಿನಗರದಲ್ಲಿ ಹೊಸ ಗಾಡಿಯ ಬೆಲೆಗೆ ಮಾರಾಟವಾಗುತ್ತದೆ. ಉಸ್ತಾದರಿಂದ ಕಲಿತ ಅದೇ ವಿದ್ಯೆ ಈಗ ಸೈಲೆನ್ಸರ್ ಬದಲಿಸಿ, ಮುಂದಿನ ಚಕ್ರ ಎತ್ತಿ ಓಡಿಸಲು ಬಳಕೆಯಾಗುತ್ತಿದೆ. ಹಳೇ ಮದ್ರಾಸು ರಸ್ತೆ, ವರ್ತುಲ ರಸ್ತೆ, ಮೇಲ್ಸೇತುವೆಗಳೇ ಅಂಗಣ. ಪ್ರೇಕ್ಷಕರೂ ಇದ್ದಾರೆ, ಮೊಬೈಲು ಹಿಡಿದು ರಸ್ತೆಯಂಚಿಗೆ ನಿಂತಿರುತ್ತಾರೆ. ಲ ಮಾನ್ಸ್‌ಗೂ ಮುಂಚಿನ ಜನ ನಿಂತಂತೆ, ನಡುವೆ ಒಂದು ಹಗ್ಗವೂ ಇಲ್ಲದೆ. ಶಬೆ ಬರಾಅತ್‌ನ ರಾತ್ರಿ ಖಬರಸ್ತಾನಕ್ಕೆ ಹೋಗಿ ಹಿರಿಯರಿಗಾಗಿ ದುಆ ಮಾಡಬೇಕಾದ ಹೊತ್ತಿನಲ್ಲಿ ವ್ಹೀಲಿಂಗ್ ಭಯದಿಂದ ಪೊಲೀಸರು ನಗರದ ಮೇಲ್ಸೇತುವೆಗಳನ್ನು ಮುಚ್ಚಬೇಕಾಗಿ ಬಂದಿದೆ. ಸಮುದಾಯಕ್ಕೆ ಇದಕ್ಕಿಂತ ನಾಚಿಕೆ ಬೇಕೆ? ಮಸೀದಿಗಳ ಮಿಂಬರಿನಿಂದ ಖತೀಬರು ಎಚ್ಚರಿಸಿದ್ದಾರೆ, ತಂದೆತಾಯಿಗಳನ್ನು ಠಾಣೆಗೆ ಕರೆಸಿದ್ದಾರೆ. 2019ರ ತಿದ್ದುಪಡಿಯ ನಂತರ ಅಪ್ರಾಪ್ತ ಮಗನ ಅಪರಾಧಕ್ಕೆ ಪೋಷಕರಿಗೇ 25 ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸವೂ ಆಗಬಹುದು.

ಹಾಗೆಂದು ಅಂಗಣದೊಳಗೆ ಎಲ್ಲವೂ ಕ್ಷೇಮ ಎನ್ನುವ ಹಾಗಿಲ್ಲ. 2023ರ ಆಗಸ್ಟ್‌ನಲ್ಲಿ ಇರುಂಗಾಟ್ಟುಕೋಟೈಯ ಅದೇ ಅಂಗಣದಲ್ಲಿ, ಪರವಾನಗಿ, ಹೆಲ್ಮೆಟ್ಟು, ವೈದ್ಯರು ಎಲ್ಲ ಇದ್ದೂ ಬೆಂಗಳೂರಿನ 13 ವರ್ಷದ ಬಾಲಕನೊಬ್ಬ ಬೈಕ್ ಓಟದಲ್ಲಿ ಬಿದ್ದು ತೀರಿಕೊಂಡ. ಆ ವಯಸ್ಸಿನ ಮಕ್ಕಳನ್ನು ಓಡಿಸಬೇಕೆ ಎಂಬ ಪ್ರಶ್ನೆಯನ್ನು ಕ್ರೀಡಾಸಂಸ್ಥೆಗಳು ಉತ್ತರಿಸಬೇಕು. ಆದರೂ ಅಲ್ಲಿ ವೈದ್ಯರಿರುತ್ತಾರೆ, ಎದುರಿನಿಂದ ಲಾರಿ ಬರುವುದಿಲ್ಲ. ಚೆನ್ನೈಯ ಅಬ್ದುಲ್ಲಾ ಎಂಬ ಬೈಕ್ ಚಾಂಪಿಯನ್ನರ ಮಗಳು ಅಲಿಶಾ ಅಬ್ದುಲ್ಲಾ ಹುಡುಗರ ನಡುವೆ ಓಡಿ ಹೆಸರು ಮಾಡಿದ್ದು, ಅದೇ ಊರಿನ ಅಕ್ಬರ್ ಇಬ್ರಾಹೀಮ್ ಚಾಲಕನಾಗಿ ಆರಂಭಿಸಿ ರಾಷ್ಟ್ರೀಯ ಮೋಟಾರು ಕ್ರೀಡಾ ಒಕ್ಕೂಟದ ಅಧ್ಯಕ್ಷರಾದದ್ದು ಅಂಗಣ ಹತ್ತಿರವಿದ್ದುದರಿಂದ. ಕೆ.ಆರ್. ಪುರದ ಹುಡುಗನಿಗೆ ಅದು ಮುನ್ನೂರು ಕಿಲೋಮೀಟರು ದೂರ. ಇಲ್ಲಿರುವ ಗೋ-ಕಾರ್ಟ್ ಅಂಗಣಗಳಲ್ಲಿ ಕೆಲವೇ ನಿಮಿಷದ ಸುತ್ತಿಗೆ ತೆರಬೇಕಾದ ಹಣ ಗ್ಯಾರೇಜಿನ ಹುಡುಗನ ದಿನಗೂಲಿಯನ್ನು ನುಂಗುತ್ತದೆ.