ಹಗುರತನದ ಸಾಧನೆ

ಯಂತ್ರಗಳ ಇತಿಹಾಸದಲ್ಲಿ ಬಲವನ್ನು ಕೂಡಿಸುತ್ತ ಹೋದವರ ಕೀರ್ತಿಯೇ ಹೆಚ್ಚು. ಭಾರವನ್ನು ಕಳೆಯುತ್ತ ಹೋದವರ ಶ್ರಮವು ಅಷ್ಟಾಗಿ ಬೆಳಕಿಗೆ ಬಂದಿಲ್ಲ. ಜಪಾನಿನ ಹಿರೋಶಿಮಾದ ಮಜ್ದಾ ಸಂಸ್ಥೆಯು 1989ರಲ್ಲಿ ಹೊರತಂದ ರೋಡ್‌ಸ್ಟರ್ ಎಂಬ ಪುಟ್ಟ ಮೋಟಾರು ಗಾಡಿಯು ಈ ಎರಡನೆಯ ಬಗೆಯ ಶ್ರಮಕ್ಕೆ ನಿದರ್ಶನವಾಗಿದೆ.

ಎರಡೇ ಆಸನ, ಮಡಿಸಬಹುದಾದ ಬಟ್ಟೆಯ ಮೇಲ್ಮುಚ್ಚಿಗೆ, ಹಗುರವಾದ ಒಡಲು: ಇಂತಹ ಗಾಡಿಗಳಿಗೆ ಹಿಂದೆ ಇಂಗ್ಲೆಂಡೇ ತವರಾಗಿದ್ದಿತು. 1962ರಲ್ಲಿ ಬಂದ ಲೋಟಸ್ ಎಲಾನ್ ಮತ್ತು ಎಂ.ಜಿ.ಬಿ. ಗಾಡಿಗಳು ಹೆಸರುವಾಸಿಯಾಗಿದ್ದುವು. ಮುಂದೆ ಅಮೆರಿಕದಲ್ಲಿ ಸುರಕ್ಷತೆ ಮತ್ತು ಹೊಗೆಯ ಬಗೆಗಿನ ಕಟ್ಟಳೆಗಳು ಬಿಗಿಯಾದುವು. 1980ರಲ್ಲಿ ಎಂ.ಜಿ.ಬಿ.ಯ ತಯಾರಿಕೆಯೇ ನಿಂತಿತು. ತವರಿನಲ್ಲಿ ಆ ಪರಂಪರೆಯು ಬಹುಮಟ್ಟಿಗೆ ಕ್ಷೀಣಿಸಿತು.

ಅದಕ್ಕೆ ಒಂದು ವರ್ಷ ಮೊದಲೇ, 1979ರಲ್ಲಿ, ಬಾಬ್ ಹಾಲ್ ಎಂಬ ಅಮೆರಿಕದ ಪತ್ರಕರ್ತನು ಮಜ್ದಾದ ಹಿರಿಯ ಯಂತ್ರಶಿಲ್ಪಿ ಕೆನಿಚಿ ಯಾಮಾಮೊಟೊ ಅವರಿಗೆ ಅಂತಹ ಗಾಡಿಯೊಂದನ್ನು ಕಟ್ಟುವಂತೆ ಸೂಚಿಸಿದ್ದನು. ಮುಂದೆ ಹಾಲನು ಅದೇ ಸಂಸ್ಥೆಯನ್ನು ಸೇರಿದನು. ಯಾಮಾಮೊಟೊ ಅವರು 1984ರಲ್ಲಿ ಅದರ ಅಧ್ಯಕ್ಷರಾದರು. ಎಂಜಿನು ಮುಂದಿದ್ದು ಹಿಂದಿನ ಗಾಲಿಗಳನ್ನು ನಡೆಸುವ ಹಳೆಯ ಕ್ರಮವೇ ಆಯ್ಕೆಯಾಯಿತು. ನಿರ್ಮಾಣದ ಹೊಣೆಯನ್ನು ತೋಶಿಹಿಕೊ ಹಿರಾಯ್ ಅವರು ಹೊತ್ತರು.

ಅವರು ಹಿಡಿದ ಸೂತ್ರವು ‘ಜಿನ್‌ಬಾ ಇತ್ತೈ’; ಎಂದರೆ ಸವಾರನೂ ಕುದುರೆಯೂ ಒಂದೇ ಆಗುವಿಕೆ. ಅಶ್ವಹೃದಯವನ್ನು ಬಲ್ಲ ನಳನ ಕಥೆಯನ್ನು ಕೇಳಿದವರಿಗೆ ಈ ಭಾವವು ಹೊಸದಲ್ಲ. ಆದರೆ ಉಕ್ಕಿನ ಕುದುರೆಯಲ್ಲಿ ಅದನ್ನು ಲೆಕ್ಕದಿಂದಲೇ ಸಾಧಿಸಬೇಕಾಗಿದ್ದಿತು. ಕಾವಡಿ ಹೊತ್ತವನು ಥಟ್ಟನೆ ತಿರುಗಲಾರನು. ಅದೇ ಭಾರವನ್ನು ಎದೆಗವಚಿಕೊಂಡವನು ಸುಲಭವಾಗಿ ತಿರುಗಬಲ್ಲನು. ಈ ನ್ಯಾಯದಂತೆ ಎಂಜಿನನ್ನು ಮುಂದಿನ ಅಚ್ಚಿನಿಂದ ಒಳಕ್ಕೆ ಸರಿಸಿ, ಭಾರವು ಮುಂದಿನ ಮತ್ತು ಹಿಂದಿನ ಗಾಲಿಗಳ ಮೇಲೆ ಹೆಚ್ಚುಕಡಿಮೆ ಸಮನಾಗಿ ಬೀಳುವಂತೆ ಮಾಡಿದರು. ಗೇರುಪೆಟ್ಟಿಗೆಯನ್ನೂ ಹಿಂದಿನ ಡಿಫರೆನ್ಶಿಯಲನ್ನೂ ಅಲ್ಯೂಮಿನಿಯಮ್ಮಿನ ಚೌಕಟ್ಟೊಂದರಿಂದ ಬಿಗಿದುದರಿಂದ, ಕಾಲೊತ್ತಿದೊಡನೆ ಗಾಡಿಯು ತೊನೆಯದೆ ಓಗೊಡುತ್ತಿದ್ದಿತು. ಎಂಜಿನಿನ ಮುಚ್ಚಳವೂ ಅಲ್ಯೂಮಿನಿಯಮ್ಮಿನದೇ. 1.6 ಲೀಟರಿನ ಎಂಜಿನಿಗೆ ಸುಮಾರು 120 ಅಶ್ವಶಕ್ತಿ ಮಾತ್ರ. ಆದರೆ ಗಾಡಿಯ ತೂಕವೂ ಸುಮಾರು 940 ಕಿಲೋಗ್ರಾಂ ಮಾತ್ರ. ವೇಗದಲ್ಲಿ ಇದನ್ನು ಮೀರಿಸುವ ವಾಹನಗಳು ಆಗಲೂ ಅನೇಕವಿದ್ದುವು. ಆದರೆ ಸಾಧಾರಣ ವೇಗದಲ್ಲಿಯೇ, ರಸ್ತೆಯ ತಿರುವುಗಳಲ್ಲಿ, ನಡೆಸುವವನ ಕೈಗೂ ಮನಸ್ಸಿಗೂ ಉಲ್ಲಾಸವನ್ನು ಕೊಡುವ ಗುಣವು ಇದರದಾಗಿದ್ದಿತು.

ಕಳೆದುಕೊಂಡ ಭಾರವನ್ನು ಮತ್ತೆ ಕೂಡಿಸಿಕೊಳ್ಳದಿರುವುದು ಇನ್ನೂ ಕಠಿಣವಾದುದು. ಸುರಕ್ಷತೆಯ ಹೊಸ ಕಟ್ಟಳೆಗಳೂ ಕೊಳ್ಳುವವರು ಬಯಸುವ ಸೌಕರ್ಯಗಳೂ ಸೇರಿ, 2005ರ ಮೂರನೆಯ ಪೀಳಿಗೆಯ ಗಾಡಿಯು ಸುಮಾರು 1,100 ಕಿಲೋಗ್ರಾಮಿಗೆ ಏರಿತು. 2015ರ ನಾಲ್ಕನೆಯ ಪೀಳಿಗೆಯಲ್ಲಿ ಶಿಲ್ಪಿಗಳು ಮೂಲಸೂತ್ರಕ್ಕೆ ಮರಳಿದರು. ಅದು ಮೊದಲನೆಯ ಗಾಡಿಗಿಂತಲೂ ಉದ್ದದಲ್ಲಿ ಗಿಡ್ಡವಾಗಿ, ಜಪಾನಿನಲ್ಲಿ 1.5 ಲೀಟರಿನ ಎಂಜಿನಿನೊಡನೆ 990 ಕಿಲೋಗ್ರಾಮಿಗೆ ಇಳಿಯಿತು.

2016ರ ಏಪ್ರಿಲಿನಲ್ಲಿ ಹತ್ತು ಲಕ್ಷದ ಗಾಡಿಯು ಸಿದ್ಧವಾಯಿತು. ಇಂಗ್ಲೆಂಡಿನಲ್ಲಿ ಬೆಳೆದು, ಅಮೆರಿಕನೊಬ್ಬನ ನೆನಪಿನಲ್ಲಿ ಉಳಿದ ಈ ವಿದ್ಯೆಯು ಹಿರೋಶಿಮಾದಲ್ಲಿ ಮರುಜನ್ಮ ಪಡೆಯಿತು. ಪರಂಪರೆಯು ಹುಟ್ಟಿದ ನೆಲದ ಸ್ವತ್ತಾಗಿ ಮಾತ್ರ ಉಳಿಯುವುದಿಲ್ಲ. ಅದರ ಮರ್ಮವನ್ನರಿತು, ಬೇಡವಾದುದನ್ನು ಬಿಡಬಲ್ಲವರ ಕೈಯಲ್ಲಿ ಅದು ಬಾಳುತ್ತದೆ.