ಪ್ರಶ್ನೆ ಅಂಗಳದ್ದು, ಉತ್ತರ ಎಲ್ಲಿಯದು?

ಬಂಟ್ವಾಳ, ಬೆಳ್ತಂಗಡಿ ಕಡೆ ಮನೆ ಕಟ್ಟಿಸಿದವರಿಗೆಲ್ಲ ಗೊತ್ತಿರುವ ಸಂಗತಿ ಇದು. ಕೋರೆಯಿಂದ ಆಗಷ್ಟೇ ಕಡಿದು ತಂದ ಮುರಕಲ್ಲನ್ನು ಕತ್ತಿಯಲ್ಲೇ ಕೆತ್ತಿ ಸರಿ ಮಾಡಬಹುದು. ಬಿಸಿಲು ಗಾಳಿಗೆ ಬಿಟ್ಟರೆ ಅದು ಬರಬರುತ್ತ ಗಟ್ಟಿಯಾಗುತ್ತದೆ. ಯಾಕೆ? 1800-01ರಲ್ಲಿ ಮಲಬಾರ್, ಕೆನರಾ ಸೀಮೆಗಳನ್ನು ಸುತ್ತಿ ಮೂಡುಬಿದಿರೆಯ ದಾರಿಯಲ್ಲೂ ಹಾದುಹೋದ ಫ್ರಾನ್ಸಿಸ್ ಬುಕಾನನ್‌ಗೆ ಈ ಕಲ್ಲು ದೊಡ್ಡ ಕುತೂಹಲವಾಗಿತ್ತು. ಮಲಬಾರಿನ ಅಂಗಾಡಿಪುರದಲ್ಲಿ ಕಂಡದ್ದನ್ನು ವಿವರಿಸಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. 1807ರಲ್ಲಿ ಅವನ ಪುಸ್ತಕ ಅಚ್ಚಾಯಿತು. ಮುಂದೆ ಭೂವಿಜ್ಞಾನ ಕೊಟ್ಟ ಉತ್ತರ ಇಷ್ಟು: ಈ ಕಲ್ಲಿನ ತುಂಬ ನೀರು ಹೀರಿಕೊಂಡ ಕಬ್ಬಿಣದ ಸಂಯುಕ್ತಗಳಿರುತ್ತವೆ, ಗಾಳಿಗೆ ಒಡ್ಡಿದಾಗ ನೀರು ಆರಿ ಅವು ಹರಳುಗಟ್ಟಿ ಕಣಗಳನ್ನು ಬಿಗಿಯುತ್ತವೆ. ಪ್ರಶ್ನೆ ನಮ್ಮ ಅಂಗಳದ್ದೇ, ಉತ್ತರ ಮಾತ್ರ ಮೊದಲು ಇಂಗ್ಲಿಷಿನಲ್ಲಿ ಬಂತು. ಇಂಥ ಉತ್ತರಗಳು ಕನ್ನಡಕ್ಕೆ ಬರಲು ಒಂದು ಶತಮಾನಕ್ಕೂ ಮೇಲೆ ಹಿಡಿಯಿತು.

ಬಂಟ್ವಾಳದಲ್ಲೇ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ವಿಜ್ಞಾನ ಲೇಖಕರಲ್ಲ. ಆದರೆ ಹಾವು, ಗಾಳಿ, ಸಂಜೆ ಇವೆಲ್ಲ ಮಗು ನಿಂತು ನೋಡಬೇಕಾದ ವಸ್ತುಗಳೆಂದು ಶಾಲೆಯ ಕನ್ನಡಕ್ಕೆ ಕಲಿಸಿದವರು ಅವರೇ. ‘ತೆಂಕಣ ಗಾಳಿಯಾಟ’ ಓದಿದ ಹುಡುಗ ಗಾಳಿ ತೆಂಕಣದಿಂದಲೇ ಯಾಕೆ ಬರುತ್ತದೆ ಎಂದು ಕೇಳಿದ್ದರೆ ಅವನ ಕೈಗಿಡಲು ಆಗ ಕನ್ನಡ ಪುಸ್ತಕ ಸಿಗುವುದು ಕಷ್ಟವಿತ್ತು. ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ಹೊರಡಿಸಿದರು. ಅದು ಹೆಚ್ಚು ಕಾಲ ಬಾಳಲಿಲ್ಲ, ಆದರೂ ಭೌತ, ರಸಾಯನ, ಜೀವಶಾಸ್ತ್ರಗಳನ್ನು ಕನ್ನಡದಲ್ಲಿ ಬರೆಯಬಹುದು ಎಂಬುದು ಅಲ್ಲಿಗೆ ಇತ್ಯರ್ಥವಾಯಿತು.

ಆಮೇಲೆ ಬಂದವರು ಪುತ್ತೂರಿನಲ್ಲಿದ್ದ ಶಿವರಾಮ ಕಾರಂತರು. ಅಸಹಕಾರ ಚಳವಳಿಯ ಕಾಲದಲ್ಲಿ ಕಾಲೇಜು ಬಿಟ್ಟ ಅವರ ಬಳಿ ಯಾವ ವಿಜ್ಞಾನ ಪದವಿಯೂ ಇರಲಿಲ್ಲ. ಹಾಗಿದ್ದೂ 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’, 1959ರಿಂದ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಬಂದವು, ಎರಡೂ ಒಬ್ಬರದೇ ದುಡಿಮೆ. ಪದವಿ ಇಲ್ಲದ್ದು ಅನುಕೂಲವೇ ಆಯಿತು ಎಂಬುದು ನನ್ನ ಎಣಿಕೆ: ತನಗೆ ಅರ್ಥವಾಗದ್ದನ್ನು ಬರೆಯುವ ಅಭ್ಯಾಸ ಅವರಿಗಿರಲಿಲ್ಲ. ಕೊರತೆ ಇನ್ನೊಂದು ಕಡೆ ಇದೆ. ಅಲ್ಲಿ ಪ್ರಶ್ನೆ ಕೇಳುವವರೂ ಕಾರಂತರೇ, ಉತ್ತರಿಸುವವರೂ ಅವರೇ. ಓದುಗ ಕೂತು ಕೇಳಬೇಕು. ಅವರ ಹಿಂದೆಯೇ ನಿರಂಜನರ ಸಂಪಾದಕತ್ವದಲ್ಲಿ ಬಂದ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ಯದೂ ಅದೇ ದಾರಿ. ಮೈಸೂರಿನ ಆರ್.ಎಲ್. ನರಸಿಂಹಯ್ಯ, ಮಡಿಕೇರಿಯ ಜಿ.ಟಿ. ನಾರಾಯಣರಾವ್ ಆಕಾಶವನ್ನು ಕನ್ನಡಕ್ಕೆ ಇಳಿಸಿದರು. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ ಮಾತ್ರ ಬೇರೆ ಜಾಯಮಾನದವರು. ಮೆಣಸಿನಕಾಯಿಯೂ ಬಟಾಟೆಯೂ ದಕ್ಷಿಣ ಅಮೆರಿಕದಿಂದ ನಮ್ಮ ಹೊಟ್ಟೆಗೆ ಬಂದ ಕಥೆ ಹೇಳಿ ಊಟದ ಎಲೆಯ ಮೇಲೆಯೇ ಪ್ರಶ್ನೆ ಎಬ್ಬಿಸಿದರು.

ಓದುಗನೇ ಕೇಳುವ ಕಾಲ ಬಂದದ್ದು 1978ರಲ್ಲಿ ಶುರುವಾದ ‘ಬಾಲವಿಜ್ಞಾನ’ದಿಂದ. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹುಟ್ಟಿ ಈ ಮಾಸಿಕಕ್ಕೆ ನೆಲೆಯಾಯಿತು. ಜೆ.ಆರ್. ಲಕ್ಷ್ಮಣರಾವ್ ಬಹುಕಾಲ ಅದನ್ನು ತಿದ್ದಿ ತೀಡಿದರು. ಅವರ ನಂತರ ಸಂಪಾದಕರಾದವರಲ್ಲಿ ಅಡ್ಯನಡ್ಕ ಕೃಷ್ಣಭಟ್ಟರೊಬ್ಬರು. ಅಡ್ಯನಡ್ಕ ಇರುವುದು ಇದೇ ಬಂಟ್ವಾಳ ತಾಲೂಕಿನ ಕೇಪು ಗ್ರಾಮದಲ್ಲಿ. ಭಟ್ಟರ ಗದ್ಯದಲ್ಲಿ ಅಲಂಕಾರ ಹುಡುಕಿದರೂ ಸಿಗದು. ಪ್ರಶ್ನೆಗೆ ಉತ್ತರ ಬರೆಯುವವರಿಗೆ ಅದೇ ದೊಡ್ಡ ಗುಣ.

ಕೇಪುವಿನ ಹೆಸರು ಬಂದ ಮೇಲೆ ಇನ್ನೊಂದು ಮಾತು ಹೇಳಲೇಬೇಕು. ಬೋಳುಗುಡ್ಡದ ಹೊಟ್ಟೆ ಕೊರೆದು ಸುರಂಗದಿಂದ ನೀರು ತಂದು ತೋಟ ಮಾಡಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು, ಅವರೂ ಇದೇ ಗ್ರಾಮದವರು. ಹತ್ತಿರದ ಮಾಣಿಲದಲ್ಲಿ ಸುರಂಗಗಳು ಹೇರಳ. ಪಂಪಿಲ್ಲದೆ ನೀರು ಹೊರಗೆ ಹರಿಯುವುದು ಹೇಗೆ? ಮೇಲಿನ ಮುರಕಲ್ಲು ತೂತುತೂತಾದ್ದರಿಂದ ಮಳೆನೀರನ್ನು ಕುಡಿಯುತ್ತದೆ, ಕೆಳಗಿನ ಶೇಡಿಮಣ್ಣು ಅದನ್ನು ಸುಲಭಕ್ಕೆ ಇಳಿಯಬಿಡುವುದಿಲ್ಲ. ಹಾಗೆ ತಡೆದು ನಿಂತ ನೀರಿಗೆ ಅಡ್ಡದಾರಿ ಕೊರೆದರೆ ಇಳಿಜಾರಿನಲ್ಲಿ ತಾನೇ ಹೊರಗೆ ಬರುತ್ತದೆ. ಒಳಗೆ ಹಚ್ಚಿಟ್ಟ ದೀಪ ಮಂಕಾಯಿತೆಂದರೆ ಅಗೆಯುವವರು ಹಾರೆ ಬಿಟ್ಟು ಹೊರಗೆ ಬರುತ್ತಾರೆ, ಆಮ್ಲಜನಕ ಸಾಲದಾಗಿದೆ ಎಂಬುದಕ್ಕೆ ಅದು ಗುರುತು. ಪಾಠಪುಸ್ತಕದಲ್ಲಿ ಮೇಣದಬತ್ತಿಯ ಮೇಲೆ ಲೋಟ ಕವುಚಿ ತೋರಿಸುವ ಪ್ರಯೋಗ ಇದೇ. ಈ ಎರಡನ್ನೂ ಜೋಡಿಸಿ ಹೇಳುವ ಪಾಠ ಮಾತ್ರ ಅಪರೂಪ.

ಜೋಡಿಸುವ ಕೆಲಸ ಹೆಚ್ಚಾಗಿ ನಡೆದದ್ದು ಕೃಷಿಯಲ್ಲಿ. ವಿಟ್ಲದಲ್ಲಿ 1956ರಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಆರಂಭವಾಯಿತು, ಅಲ್ಲಿಂದ 1972ರಲ್ಲಿ ‘ಮಂಗಳ’ ತಳಿ ಹೊರಬಂತು. 1976ರಲ್ಲಿ ಮಂಗಳೂರು ಆಕಾಶವಾಣಿ ಬಂತು. 1988ರಲ್ಲಿ ಪುತ್ತೂರಿನಿಂದ ‘ಅಡಿಕೆ ಪತ್ರಿಕೆ’ ಶುರುವಾಯಿತು, ಶ್ರೀಪಡ್ರೆಯವರು ಅದರ ಮುಂಚೂಣಿಯಲ್ಲಿದ್ದರು. ಬೆಳೆದವನೇ ಬರೆಯಬೇಕು ಎಂಬುದು ಆ ಪತ್ರಿಕೆಯ ಪಟ್ಟು. ಒಬ್ಬ ರೈತನ ಸಂದೇಹಕ್ಕೆ ಇನ್ನೊಬ್ಬ ರೈತ ತನ್ನ ತೋಟದ ಅನುಭವ ಮುಂದಿಟ್ಟು ಬರೆಯುವ ಪದ್ಧತಿ ಬಂದಾಗ ತಜ್ಞರ ಭಾಷೆಯೂ ಸ್ವಲ್ಪ ನೆಲಕ್ಕಿಳಿಯಿತು.

ಅಡಿಕೆಗೆ ಮದ್ದು ಬಿಡುವ ದಿನ ನೋಡಿ. ಕೊಳೆರೋಗದ ಮೂಲ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ ಎಂದು ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ 1910ರಲ್ಲಿ ವಿವರಿಸಿದ. ಅದಕ್ಕೆ ಈಗಲೂ ಬಳಸುವ ಮದ್ದು ಫ್ರಾನ್ಸಿನ ದ್ರಾಕ್ಷಿತೋಟಗಳಿಂದ ಬಂದ ಬೋರ್ಡೋ ದ್ರಾವಣ: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಬೆರೆಸಿದ ಮೇಲೆ ಹಳೆಯ ಕೃಷಿಕರು ಹೊಳೆಯುವ ಚೂರಿಯೊಂದನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ ಹಾಕುತ್ತಾರೆ, ಕೆಂಪಾಗದಿದ್ದರೆ ಮದ್ದು ಸಿದ್ಧ. ನಡೆಯುವುದಿಷ್ಟೇ: ದ್ರಾವಣದಲ್ಲಿ ಕರಗಿದ ತಾಮ್ರ ಇನ್ನೂ ಉಳಿದಿದ್ದರೆ ಚೂರಿಯ ಕಬ್ಬಿಣ ಕರಗಿ ಆ ತಾಮ್ರವನ್ನು ಹೊರದಬ್ಬುತ್ತದೆ, ಅದು ಅಲಗಿನ ಮೇಲೆ ಕೂರುತ್ತದೆ. ಹಾಗೇ ಸಿಂಪಡಿಸಿದರೆ ಎಳೆ ಹಿಂಗಾರ ಸುಟ್ಟೀತು. ಸುಣ್ಣ ಸಾಕಷ್ಟಿದ್ದರೆ ತಾಮ್ರ ಕರಗದ ರೂಪಕ್ಕೆ ತಿರುಗಿ ಗೊನೆಗೆ ಅಂಟಿಕೊಂಡು ಮಳೆಯಲ್ಲೂ ನಿಲ್ಲುತ್ತದೆ. ಕಬ್ಬಿಣದ ಪಾತ್ರೆಯಲ್ಲಿ ಮದ್ದು ಮಾಡಬಾರದು ಎನ್ನುವುದೂ ಇದಕ್ಕೇ. ಹೈಸ್ಕೂಲಿನ ಸ್ಥಾನಪಲ್ಲಟ ಕ್ರಿಯೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ. ಹಲಸು ಕೊಯ್ಯುವ ಮೊದಲು ಕೈಗೆ ತೆಂಗಿನೆಣ್ಣೆ ಹಚ್ಚುವುದೂ ರಸಾಯನವೇ, ಆ ಮೇಣ ಎಣ್ಣೆಗೆ ಬಗ್ಗುತ್ತದೆ, ನೀರಿಗೆ ಬಗ್ಗುವುದಿಲ್ಲ.

ಉತ್ತರ ಕೊಡುವುದಕ್ಕೆ ಇನ್ನೊಂದು ಮುಖವೂ ಇದೆ, ಹೆದರಿಕೆ ಕಳೆಯುವುದು. 1980ರ ಫೆಬ್ರವರಿ 16ರ ಖಗ್ರಾಸ ಸೂರ್ಯಗ್ರಹಣ ಉತ್ತರ ಕರ್ನಾಟಕವನ್ನು ಹಾದುಹೋದಾಗ ಹೆಚ್ಚಿನವರು ಬಾಗಿಲು ಹಾಕಿ ಕೂತಿದ್ದರು. 2019ರ ಡಿಸೆಂಬರ್ 26ರ ಕಂಕಣ ಗ್ರಹಣದ ದಿನ ಕಾಸರಗೋಡಿನ ಚೆರುವತ್ತೂರಿನಲ್ಲಿ, ಕೊಡಗಿನ ಕುಟ್ಟದಲ್ಲಿ ಜನ ಕನ್ನಡಕ ಹಿಡಿದು ನೆರೆದರು. ಈ ಬದಲಾವಣೆಯಲ್ಲಿ ವಿಚಾರವಾದಿ ಎಚ್. ನರಸಿಂಹಯ್ಯನವರ ಪಾಲಿದೆ, ಮಂಗಳೂರಿನ ನರೇಂದ್ರ ನಾಯಕರು ಊರೂರು ತಿರುಗಿ ‘ಪವಾಡ’ಗಳ ಗುಟ್ಟು ಬಿಚ್ಚಿದ್ದರ ಪಾಲೂ ಇದೆ. ಆದರೂ ಗ್ರಹಣದ ದಿನ ಊಟ ಮಾಡದವರು ಈಗಲೂ ಕಡಿಮೆಯೇನಲ್ಲ.

ಈಗ ಉತ್ತರಗಳಿಗೆ ಬರವಿಲ್ಲ. ಪಿಲಿಕುಳದಲ್ಲಿ ವಿಜ್ಞಾನ ಕೇಂದ್ರವಿದೆ, 2018ರಿಂದ ತಾರಾಲಯವಿದೆ. ಮೂಡುಬಿದಿರೆಯ ಆಳ್ವಾಸ್, ಉಜಿರೆಯ ಎಸ್‌ಡಿಎಂ ಕಾಲೇಜುಗಳ ವಿದ್ಯಾರ್ಥಿಗಳು ಕನ್ನಡ ವಿಕಿಪೀಡಿಯಕ್ಕೆ ಬರೆದಿದ್ದಾರೆ. ಕೊಳ್ಳೇಗಾಲ ಶರ್ಮರ ‘ಜಾಣಸುದ್ದಿ’ ಪಾಡ್‌ಕಾಸ್ಟ್ ಕಿವಿಗೇ ಬರುತ್ತದೆ. ಮೊಬೈಲನ್ನು ಕೇಳಿದರೆ ಕನ್ನಡದಲ್ಲೇ ಥಟ್ಟನೆ ಹೇಳುತ್ತದೆ. ಆದರೆ ಆಕಾಶ ಯಾಕೆ ನೀಲಿ ಎಂಬುದಕ್ಕೆ ಬರೆದಷ್ಟು ಉತ್ಸಾಹದಿಂದ ಮುರಕಲ್ಲು, ಸುರಂಗ, ಹಲಸಿನ ಮೇಣದ ಬಗ್ಗೆ ನಾವು ಬರೆದಿಲ್ಲ. ನೂರು ವರ್ಷಗಳ ಕನ್ನಡ ವಿಜ್ಞಾನ ಬರವಣಿಗೆಯ ಮೇಲೆ ನನ್ನ ದೂರು ಅದೊಂದೇ.

ಈ ಭಾಗದ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಏಪ್ರಿಲ್ 24ರ ಸುಮಾರಿಗೆ ನೆತ್ತಿಯ ಸೂರ್ಯನಿಂದಾಗಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ನೆಟ್ಟ ಕೋಲಿನ ನೆರಳು ಕ್ಷಣಕಾಲ ಅದರ ಬುಡದಲ್ಲೇ ಅಡಗುತ್ತದೆ. ಆಗಸ್ಟ್ 18ರ ಸುಮಾರಿಗೆ ಮತ್ತೊಮ್ಮೆ ಹಾಗಾಗುತ್ತದೆ, ಆದರೆ ಆಗ ಮೋಡ ಬಿಡುವುದು ಕಷ್ಟ. ಗಡಿಯಾರದಲ್ಲಿ ಆಗ ಹನ್ನೆರಡಲ್ಲ, ಸುಮಾರು ಹನ್ನೆರಡೂವರೆ. ದೇಶದ ಗಡಿಯಾರ ಪ್ರಯಾಗದ ಆಸುಪಾಸಿನ ರೇಖಾಂಶಕ್ಕೆ ಕಟ್ಟಿದ್ದು, ನಾವು ಅದಕ್ಕಿಂತ ಪಡುವಣದಲ್ಲಿದ್ದೇವೆ. ಏಪ್ರಿಲ್ ರಜೆಯೆಂದು ಬಿಟ್ಟುಬಿಡಬೇಡಿ, ಮಕ್ಕಳಿಗೆ ಮೊದಲೇ ಹೇಳಿ ಮನೆಯಂಗಳದಲ್ಲೇ ಕೋಲು ನೆಡಿಸಿ. ಅವರು ಆಮೇಲೆ ಕೇಳುವ ಪ್ರಶ್ನೆಗಳನ್ನು ಬರೆದಿಟ್ಟು ಪತ್ರಿಕೆಗಳಿಗೆ ಕಳಿಸಿಕೊಡಿ.