ಕೋವಿ, ಜಮ್ಮಾ ಮತ್ತು ಒಂದು ವಿನಾಯಿತಿ ಪತ್ರ

ಸಹಕಾರ ಸಂಘದ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಸಾಲ, ಗೊಬ್ಬರ, ಡಿವಿಡೆಂಡಿನ ವಿಚಾರ ಬಿಟ್ಟು ಕೋವಿಯ ವಿಚಾರ ಯಾಕೆ ಅಂತ ಸದಸ್ಯ ಬಾಂಧವರು ಕೇಳಬಹುದು. ಕಾರಣ ಇದೆ. ನಮ್ಮಲ್ಲಿ ಬಹಳ ಮಂದಿ ಸಂಘದ ಸಾಲಕ್ಕೆ ಹಿಡಿದುಕೊಂಡು ಬರುವ ಜಮ್ಮಾ ಜಮೀನಿನ ಕಾಗದಕ್ಕೂ ಮನೆಯಲ್ಲಿರುವ ಕೋವಿಗೂ ಹಳೆಯ ನಂಟು.

"ನಿಮ್ಮ ಕೊಡಗಿನಲ್ಲಿ ಕೋವಿಗೆ ಲೈಸೆನ್ಸೇ ಬೇಡವಂತೆ, ಹೆಗಲಿಗೆ ಹಾಕಿಕೊಂಡು ಎಲ್ಲಿ ಬೇಕಾದರೂ ಹೋಗಬಹುದಂತೆ" ಎಂದು ಮೈಸೂರು, ಹಾಸನದ ಕಡೆಯ ನೆಂಟರು ಕೇಳುವುದುಂಟು. ಇದು ಅರ್ಧ ನಿಜ. ನಮಗಿರುವುದು ವಿನಾಯಿತಿ. ಕೊಟ್ಟವರು ಹಿಂದಕ್ಕೆ ಪಡೆಯಬಹುದಾದದ್ದನ್ನೇ ವಿನಾಯಿತಿ ಅನ್ನುವುದು. ಅದನ್ನು ಹುಟ್ಟಿನಿಂದ ಬಂದ ಹಕ್ಕು ಎಂದು ತಿಳಿದುಕೊಂಡು ಕೂತವರು ನಮ್ಮಲ್ಲಿ ಜಾಸ್ತಿ.

ರಾಜರ ಕಾಲದಲ್ಲಿ ಜಮ್ಮಾ ಜಮೀನು ಪಡೆದ ಒಕ್ಕಲು, ಕರೆ ಬಂದಾಗ ಆಯುಧ ಹಿಡಿದು ಹೊರಡಬೇಕಿತ್ತು. ಅದಕ್ಕೆ ಪ್ರತಿಯಾಗಿ ಕಂದಾಯ ಅರ್ಧ: ನೂರು ಭಟ್ಟಿಗೆ ಸಾಗು ಜಮೀನಿಗೆ 10 ರೂಪಾಯಿ ಆದರೆ ಜಮ್ಮಾಕ್ಕೆ 5 ರೂಪಾಯಿ. ಅಂದರೆ ಕೋವಿ ಆಗ ಶೋಕಿಯ ವಸ್ತುವಲ್ಲ, ಕಂದಾಯದ ಲೆಕ್ಕದೊಳಗೇ ಸೇರಿದ್ದ ಸಾಮಾನು.

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪೆನಿಯವರು ಕೊಡಗನ್ನು ವಶಪಡಿಸಿಕೊಂಡರು. ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿದರು. ಮೊದಲು ಭತ್ತ, ಅಕ್ಕಿಯಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಅಲ್ಲಿ ನಗದಾಗಿಯೇ ಕೊಡಿ ಅಂದರು. ಜನ ರೊಚ್ಚಿಗೆದ್ದರು. 1837ರಲ್ಲಿ ನಡೆದದ್ದೇ ಅಮರ ಸುಳ್ಯದ ದಂಗೆ, ಹಳಬರು ಕಲ್ಯಾಣಪ್ಪನ ಕಾಟಕಾಯಿ ಅಂತಿದ್ದರು. ದಂಗೆ ಅಡಗಿದ ಮೇಲೆ ಮುಂದಾಳುಗಳಿಗೆ ನೇಣು. ಕಂಪೆನಿಯ ಕಡೆ ನಿಂತ ಕೊಡಗಿನವರಿಗೆ ಚಿನ್ನ, ಬೆಳ್ಳಿಯ ಪದಕ. ಈ ಭಾಗ ಓದುವಾಗ ಮನಸ್ಸಿಗೆ ಸ್ವಲ್ಪ ಇರುಸುಮುರುಸಾಗುತ್ತದೆ, ಆದರೆ ಮುಚ್ಚಿಡುವಂಥದ್ದಲ್ಲ. ಮುಂದೆ ಬಂದ ವಿನಾಯಿತಿಗೆ ಇದೇ ಹಿನ್ನೆಲೆ.

1857ರ ದಂಗೆಯ ನಂತರ ಬ್ರಿಟಿಷರಿಗೆ ಇಡೀ ದೇಶದ ಕೈಯಿಂದ ಆಯುಧ ಕಸಿಯಬೇಕು ಅನಿಸಿತು. ಅದಕ್ಕೆಂದು ಕಾಯಿದೆ ಮಾಡಿದರು. ಆಗ ಮೈಸೂರು ಮತ್ತು ಕೊಡಗಿಗೆ ಕಮಿಷನರ್ ಆಗಿದ್ದವರು ಮಾರ್ಕ್ ಕಬ್ಬನ್, ಬೆಂಗಳೂರಿನ ಕಬ್ಬನ್ ಪಾರ್ಕಿನ ಕಬ್ಬನ್. ಅವರು 1861ರ ಫೆಬ್ರವರಿಯಲ್ಲಿ, ಕೊಡಗಿನವರ ನಿಷ್ಠೆ, ಧೈರ್ಯಗಳನ್ನು ಹೊಗಳಿ, ನಿಶ್ಶಸ್ತ್ರೀಕರಣದ ಕಾಯಿದೆ ಇವರಿಗೆ ಅನ್ವಯಿಸುವುದಿಲ್ಲವೆಂದು ಪ್ರಕಟಣೆ ಹೊರಡಿಸಿದರು. ಏಪ್ರಿಲಿನಲ್ಲಿ ಊರಿಗೆ ಮರಳುವ ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡರು. ಕಂಪೆನಿಯ ಜೊತೆ ಬಂದವರಿಗೆ ಕೋವಿ ಉಳಿಯಿತು; ಗಡಿಯಾಚೆಯ ಸುಳ್ಯದ ರೈತನಿಗೆ ಈಗಲೂ ಲೈಸೆನ್ಸ್ ಬೇಕು. ಒಂದೇ ರಾಜನ ಪ್ರಜೆಗಳಾಗಿದ್ದವರ ನಡುವೆ ಬಿದ್ದ ಗೆರೆ ಅದು.

1878ರಲ್ಲಿ ಲಾರ್ಡ್ ಲಿಟ್ಟನ್ನನ ಆರ್ಮ್ಸ್ ಆಕ್ಟ್ ಬಂತು. ಭಾರತೀಯನಿಗೆ ಲೈಸೆನ್ಸ್, ಯುರೋಪಿಯನ್ನನಿಗೆ ವಿನಾಯಿತಿ! ಕಾಂಗ್ರೆಸ್ಸು ಇದನ್ನು ಬಹಳ ವರ್ಷ ವಿರೋಧಿಸಿತು. 1931ರ ಕರಾಚಿ ನಿರ್ಣಯದಲ್ಲಿ ನಿಯಮಕ್ಕೆ ಒಳಪಟ್ಟು ಆಯುಧ ಇಟ್ಟುಕೊಳ್ಳುವುದು ಪ್ರಜೆಯ ಹಕ್ಕು ಎಂದೇ ಸೇರಿಸಿದರು. ಸಂವಿಧಾನ ಸಭೆಯಲ್ಲಿ 1948ರ ಡಿಸೆಂಬರಿನಲ್ಲಿ ಎಚ್.ವಿ. ಕಾಮತರು (ಮಂಗಳೂರಿನಲ್ಲಿ ಹುಟ್ಟಿದವರು) ಅದನ್ನೇ ಮೂಲಭೂತ ಹಕ್ಕು ಮಾಡಿ ಎಂದು ತಿದ್ದುಪಡಿ ತಂದರು. ಅಂಬೇಡ್ಕರರು ಒಪ್ಪಲಿಲ್ಲ, ಎಲ್ಲರಿಗೂ ಹಕ್ಕು ಅಂತ ಬರೆದುಬಿಟ್ಟರೆ ಕೇಡಿಗಳನ್ನು ತಡೆಯುವುದು ಹೇಗೆ ಎಂಬುದು ಅವರ ವಾದ. ತಿದ್ದುಪಡಿ ಬಿದ್ದುಹೋಯಿತು. ಅವರ ಮಾತೇ ಸರಿ ಅಂತ ನನ್ನ ಅಭಿಪ್ರಾಯ. ಸಂವಿಧಾನದಲ್ಲಿ ಆಯುಧದ ವಿಷಯ ಕೇಂದ್ರದ ಪಟ್ಟಿಯಲ್ಲಿದೆ. ಅಮೆರಿಕದಲ್ಲಿ ಕೋವಿ ಹಿಡಿದು ಬೀದಿಗಿಳಿಯಲು ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. ನಮ್ಮಲ್ಲಿ ಹಾಗಿಲ್ಲ, ಎಲ್ಲಾ ದೆಹಲಿಯಿಂದಲೇ.

ಕೊಡಗು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. 1959ರ ಆರ್ಮ್ಸ್ ಆಕ್ಟ್ 1962ರಲ್ಲಿ ಜಾರಿಗೆ ಬಂತು. 1963ರಲ್ಲಿ ಕೇಂದ್ರ ಸರಕಾರ ವಿನಾಯಿತಿಯನ್ನು ಮತ್ತೆ ಕೊಟ್ಟಿತು, ಎರಡು ವರ್ಗಕ್ಕೆ: ಒಂದು "ಕೂರ್ಗ್ ರೇಸ್", ಇನ್ನೊಂದು ಜಮ್ಮಾ ಹಿಡುವಳಿದಾರರು. ಹಾಗಾಗಿ ಕೊಡವರು ಮಾತ್ರವಲ್ಲ, ಜಮ್ಮಾ ಇರುವ ಗೌಡರಿಗೂ ಇತರರಿಗೂ ಇದು ಸಿಗುತ್ತದೆ. ಜಿಲ್ಲೆಯಿಂದ ಹೊರಗೆ ಒಯ್ಯುವುದಾದರೆ ಒಂದು ರೈಫಲ್, ಅದಕ್ಕೆ 100 ತೋಟೆ, ಜೊತೆಗೆ ಒಂದು ಸಾದಾ ಕೋವಿ ಅಂತ ಮಿತಿ ಇಟ್ಟರು. ಜಮ್ಮಾ ಇಲ್ಲದ ಯರವರು, ಕುರುಬರು, ಲೈನುಮನೆಯ ಕೂಲಿಯವರು ಈ ಲೆಕ್ಕದಲ್ಲಿ ಎಲ್ಲೂ ಇಲ್ಲ. ಆನೆ, ಹಂದಿಯ ಎದುರು ಬೆಳಗ್ಗೆ ಮೊದಲು ಸಿಕ್ಕಿಬೀಳುವವರು ಅವರೇ.

ಕೈಲ್ ಮುಹೂರ್ತದಲ್ಲಿ ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುತ್ತೇವೆ, ತೆಂಗಿನಕಾಯಿಗೆ ಗುರಿ ಇಡುತ್ತೇವೆ. ಹುತ್ತರಿಯ ರಾತ್ರಿ ಗುಂಡಿನ ಸದ್ದು ಕೇಳಿದ ಮೇಲೆ ಕದಿರು ಕೊಯ್ಯುವುದು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಇದೆಲ್ಲ ಇರಲಿ, ಆದರೆ 2019ರ ತಿದ್ದುಪಡಿಯ ಪ್ರಕಾರ ಸಂಭ್ರಮಕ್ಕೆಂದು ಬೇಕಾಬಿಟ್ಟಿ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ. ಮದುವೆ ಮನೆಯಲ್ಲಿ ಕುಡಿದು ಕೋವಿ ಎತ್ತುವವರಿಗೆ ಹಿರಿಯರು ಮೊದಲೇ ಬುದ್ಧಿ ಹೇಳಬೇಕು. ಕಾಡುಪ್ರಾಣಿಯ ಬೇಟೆಯಂತೂ 1972ರ ವನ್ಯಜೀವಿ ಕಾಯಿದೆಯಿಂದ ಮುಗಿದ ಮಾತು. ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳುವುದಕ್ಕೆ, ಹೊಡೆಯುವುದಕ್ಕಲ್ಲ.

ನಿವೃತ್ತ ಸೇನಾಧಿಕಾರಿಯೊಬ್ಬರು ಜಾತಿ, ಜಮೀನು ನೋಡಿ ವಿನಾಯಿತಿ ಕೊಡುವುದು ಸಮಾನತೆಗೆ ವಿರುದ್ಧ ಅಂತ ಹೈಕೋರ್ಟಿಗೆ ಹೋದರು. ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. 2021ರ ಸೆಪ್ಟೆಂಬರಿನಲ್ಲಿ ಹೈಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು. ಆದರೆ ಎತ್ತಿಹಿಡಿಯಲು ಕೊಟ್ಟ ಕಾರಣಗಳಲ್ಲಿ ಒಂದನ್ನು ಗಮನಿಸಿ: ಇದು ಅನಿರ್ದಿಷ್ಟ ಕಾಲಕ್ಕೆ ಕೊಟ್ಟದ್ದಲ್ಲ, ಹತ್ತು ವರ್ಷಕ್ಕೆ ಮಾತ್ರ, ಷರತ್ತುಗಳ ಮೇಲೆ. 2019ರ ಅಕ್ಟೋಬರಿನಲ್ಲಿ ಕೇಂದ್ರ ಗೃಹ ಇಲಾಖೆ ಹೊರಡಿಸಿದ ಅಧಿಸೂಚನೆಯ ಅವಧಿ 2029ರ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. ಆಮೇಲೆ ಮತ್ತೆ ಅರ್ಜಿ, ಮತ್ತೆ ದೆಹಲಿಯ ದಾರಿ.

ಅಷ್ಟರೊಳಗೆ ನಾವು ಮಾಡಬಹುದಾದ ಕೆಲಸ ಮನೆಯಲ್ಲೇ ಇದೆ. ಎಷ್ಟೋ ಮನೆಗಳಲ್ಲಿ ಕೋವಿ ಇರುವುದು ತೀರಿಹೋದ ಅಜ್ಜನ ಹೆಸರಿನಲ್ಲಿ, ವಿನಾಯಿತಿ ಪತ್ರ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ವಿನಾಯಿತಿ ಮನುಷ್ಯನಿಗೆ, ಕೋವಿಗಲ್ಲ. ಡೆಪ್ಯುಟಿ ಕಮಿಷನರರ ಕಚೇರಿಯಿಂದ ಪತ್ರ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಅದಕ್ಕೆ ಬೇಕಾದ ಜಮ್ಮಾ ದಾಖಲೆಯ ನಕಲನ್ನು, ಸಾಲಕ್ಕೆ ತೆಗೆಸುವಾಗಲೇ ಇನ್ನೊಂದು ಪ್ರತಿ ತೆಗೆಸಿ ಇಟ್ಟುಕೊಂಡರೆ ಎರಡು ಸಲ ತಾಲ್ಲೂಕು ಕಚೇರಿ ಅಲೆಯುವುದು ತಪ್ಪುತ್ತದೆ.